ಗುಂಡಿಯೊತ್ತಿ ಕಲಿಸುವ ಪಾಠ

ನಾಯಿಯ ಕೊರಳಿಗೆ ವಿದ್ಯುತ್ ಪಟ್ಟಿಯನ್ನು ಬಿಗಿದು, ದೂರದಲ್ಲಿ ನಿಂತು ಗುಂಡಿಯೊತ್ತಿ ವಿಧೇಯತೆಯನ್ನು ಕಲಿಸುವ ಪದ್ಧತಿಯೊಂದುಂಟು. ಪಟ್ಟಿಯ ಲೋಹದ ಮೊನೆಗಳು ಚರ್ಮಕ್ಕೆ ತಾಗಿ ಆಘಾತವನ್ನು ಹರಿಸುತ್ತವೆ. ಎರಡು ಮೂರು ಕಿಲೋ ತೂಗುವ ಪೊಮೆರೇನಿಯನ್ ನಾಯಿಯ ಸಣ್ಣ ಕೊರಳಿಗೂ ಇದೇ ಪಾಠ!

ಗುಂಡಿಯೊತ್ತಿದ ಕೈ ನಾಯಿಗೆ ಕಾಣದು. ಆ ಕ್ಷಣದಲ್ಲಿ ಎದುರಿಗಿದ್ದ ಮಗುವನ್ನೇ ನೋವಿನ ಮೂಲವೆಂದು ಅದು ಬಗೆದೀತು. ಬೊಗಳುವುದು ನಿಂತರೂ ಭಯ ನಿಲ್ಲದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನಿಸು-ಮೆಚ್ಚುಗೆಗಳಿಂದ ಕಲಿಸುವುದಕ್ಕಿಂತ ಇದರಿಂದ ಹೆಚ್ಚಿನ ಫಲವೇನೂ ಕಾಣಲಿಲ್ಲ. ನೆರೆಯ ವೇಲ್ಸ್ 2010ರಲ್ಲಿಯೇ ಇದನ್ನು ನಿಷೇಧಿಸಿತ್ತು.

ಬೆತ್ತಕ್ಕೆ ಹೆದರಿ ಸುಮ್ಮನಾದ ಬಾಲಕನು ಪಾಠ ಕಲಿತನೆಂದು ಅಧ್ಯಾಪಕನಾದ ನಾನು ಒಪ್ಪಲಾರೆ. ಆದರೂ ಬೆತ್ತ ಹಿಡಿದವನು ಮಗುವಿನ ಕಣ್ಣೀರನ್ನು ಕಾಣಲೇಬೇಕಾಗಿತ್ತು; ದೂರದ ಗುಂಡಿಯು ನಮ್ಮನ್ನು ಆ ಲಜ್ಜೆಯಿಂದಲೂ ಬಿಡುಗಡೆ ಮಾಡುತ್ತದೆ.