ಕಿವಿಯಿದ್ದವರು ಎಲ್ಲಿಗೆ ಹೋಗಬೇಕು?

ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬುದು ನಮ್ಮ ಸೀಮೆಯ ಹಳೆಯ ಗಾದೆ. ಕಿವಿಯಿದ್ದವರ ವಿಚಾರವನ್ನು ಗಾದೆ ಎತ್ತಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸುತ್ತಿನಲ್ಲಿ ಇರುಳೆಲ್ಲ ಹಾಡುವ ಮೇಳಗಳಿವೆ. ಯಾವುದನ್ನು ಎಲ್ಲಿ, ಯಾವಾಗ, ಹೇಗೆ ಕೇಳಬೇಕೆಂದು ತಿಳಿಸುವ ಒಂದು ಕಿರುಹೊತ್ತಗೆಯನ್ನು ಮಾತ್ರ ನಾನು ಕಂಡಿಲ್ಲ. ಜನಪದ ಸಂಗ್ರಹಗಳಿಗೆ ನಮ್ಮಲ್ಲಿ ಬಡತನವಿಲ್ಲ. ಬಡತನವಿರುವುದು ರಸಿಕನ ಕೈಪಿಡಿಗೆ.

ಇವೆರಡೂ ಬೇರೆ ಬೇರೆ. 1930ರ ದಶಕದಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು', 'ಜೀವನ ಸಂಗೀತ'ಗಳನ್ನು ಹೊರತಂದ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಈಚೆಗೆ ತತ್ವಪದಗಳೂ ಸಂಪುಟ ಸಂಪುಟಗಳಾಗಿ ಅಚ್ಚಾಗಿವೆ. ಆದರೆ ಸಂಗ್ರಾಹಕನ ಕಿವಿ ಪದದ ಮೇಲೆ. ರಸಿಕನ ಕಿವಿ ಇಂಥ ಊರಿನ ಇಂಥ ಮೇಳದ ಮೇಲೆ. ಪದ ಪುಸ್ತಕಕ್ಕೆ ಬಂದಿತು. ಹಾಡಿದ ಮೇಳ ಹೊರಗೇ ನಿಂತಿತು.

ಮೊದಲು ಗೀಗೀ ಮೇಳವನ್ನು ನೋಡೋಣ. ಮೂವರೋ ನಾಲ್ವರೋ ಸೇರಿದರೆ ಸಾಕು. ಮುಂದಾಳು ದಪ್ಪು ಬಾರಿಸುತ್ತ ಪದ ಹೇಳುತ್ತಾನೆ. ಹಿಂದಿನವರು ತುಂತುಣಿ, ತಾಳಗಳೊಡನೆ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಆ ಸೊಲ್ಲಿನಿಂದಲೇ ಹಾಡಿಗೆ ಆ ಹೆಸರು. ಹೊಸಬರು ಒಂದೇ ಮೇಳವನ್ನು ಕೇಳಿ ಎದ್ದು ಬರಬಾರದು. ಹರದೇಶಿಯವರು ಪುರುಷನೇ ಹೆಚ್ಚೆಂದೂ ನಾಗೇಶಿಯವರು ಸ್ತ್ರೀಯೇ ಹೆಚ್ಚೆಂದೂ ವಾದ ಹೂಡುವರು. ಒಬ್ಬರು ಪುರಾಣದಿಂದ ಪ್ರಶ್ನೆಯ ಗಂಟು ಹಾಕಿದರೆ, ಇನ್ನೊಬ್ಬರು ಅದನ್ನು ಬಿಚ್ಚಿಯೇ ಮುಂದೆ ಹೋಗಬೇಕು. ಇಲ್ಲಿ ಕಂಠಕ್ಕಿಂತ ಮೊದಲು ನಾನು ಗಮನಿಸುವುದು ದಪ್ಪನ್ನು. ಉತ್ತರಕ್ಕೆ ತಡಕಾಡುವವನ ಪೆಟ್ಟೇ ಬೇರೆ, ಉತ್ತರ ಹೊಳೆದವನ ಪೆಟ್ಟೇ ಬೇರೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ದೇಶದ ಮಾತನ್ನು ಜನಕ್ಕೆ ಮುಟ್ಟಿಸಿದ್ದು ಇದೇ ಗೀಗೀ ಪದದ ಮೂಲಕ.

ಎರಡನೆಯದು ಚೌಡಿಕೆ. ಇದನ್ನು ಕೇಳಲು ಮುನಿರಾಬಾದಿನ ಬಳಿಯ ಹುಲಿಗಿಗೆ, ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಸನ್ನಿಧಿಗೆ ಹೋಗಬೇಕು. ಕಂಕುಳಲ್ಲಿ ಹಿಡಿದ ಕೊಳಗದಂಥ ವಾದ್ಯ. ಒಂದು ಬದಿಗೆ ಚರ್ಮ, ಚರ್ಮದ ನಡುವಿನಿಂದ ಎಳೆದ ಒಂದೇ ತಂತಿ. ತಂತಿಯನ್ನು ಬಿಗಿದಂತೆ, ಸಡಿಲಿಸಿದಂತೆ ನಾದ ಏರುತ್ತದೆ, ಇಳಿಯುತ್ತದೆ. ಅದು ಶ್ರುತಿಯೂ ಹೌದು, ತಾಳವೂ ಹೌದು. ನುರಿತವರ ಕೈಯಲ್ಲಿ ಹಾಡಿಗೆ ಹೂಂಗುಟ್ಟುವ ಇನ್ನೊಂದು ಬಾಯಿಯೂ ಹೌದು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಗೆ ಜೋಗತಿಯ ದೀಕ್ಷೆಯಾದದ್ದು ಈ ಹುಲಿಗೆಮ್ಮನ ಗುಡಿಯಲ್ಲಿಯೇ. ಆದರೆ ಈ ನಾದದ ಹಿಂದೆ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಕಟ್ಟಿಹಾಕಿದ ಪದ್ಧತಿಯ ನೋವಿದೆ. ರಸಿಕನಾದವನು ಅದಕ್ಕೆ ಕಿವುಡನಾಗಬಾರದು. 1982ರ ಕಾನೂನು ನಿಷೇಧಿಸಿದ ಆ ಪದ್ಧತಿ ಬೇರುಸಹಿತ ಅಳಿಯಲಿ. ವಿದ್ಯೆ ಮಾತ್ರ ಕಲಿಯಬೇಕೆಂದು ಬಂದವರೆಲ್ಲರ ಪಾಲಾಗಲಿ.

ಮೂರನೆಯದು ಭಜನಾ ಮೇಳ. ಇದು ಎಲ್ಲಕ್ಕಿಂತ ಸಮೀಪದ್ದು. ಆದ್ದರಿಂದಲೇ ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಗುರಿಯಾದದ್ದು. ಅಮಾವಾಸ್ಯೆಯ ಇರುಳು ಮಠದಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳಗಳೊಡನೆ ಹಗಲೆಲ್ಲ ಹೊಲದಲ್ಲಿ ದುಡಿದವರು ಕುಳಿತಿರುತ್ತಾರೆ. ಶರೀಫಜ್ಜನ (1819–1889) ಒಂದು ಪದವನ್ನು ಒಂದು ಮೇಳ ಓಲಾಡಿಸುತ್ತದೆ, ಮತ್ತೊಂದು ಓಡಿಸುತ್ತದೆ. ಪದವೊಂದೇ, ಧಾಟಿ ಬೇರೆ. ಕೊನೆಗೆ ಶಿಶುನಾಳಾಧೀಶನ ಅಂಕಿತ ಬರುವಾಗ ಯಾವ ಮೇಳ ದನಿ ತಗ್ಗಿಸಿತು, ಯಾವುದು ಏರಿಸಿತು ಎಂಬುದನ್ನು ಗಮನಿಸಿದವನಿಗೆ ಆ ಮೇಳದ ಮನೋಧರ್ಮವೇ ತಿಳಿದಂತೆ.

ಇಂಥ ಸಣ್ಣ ಭೇದಗಳನ್ನು ಬರೆದಿಡುವುದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಜಪಾನಿನ ಒಂದು ಮಾತನ್ನು ಹೇಳುತ್ತೇನೆ. ಅಲ್ಲಿಯೂ ಪೇಟೆಯ ಬೆಳಕಿಗೆ ಬಾರದ ರಾಕ್ ತಂಡಗಳುಂಟು. 1967ರಲ್ಲಿ ಕ್ಯೋಟೋದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಮಿಜುತಾನಿ ತಕಾಶಿ ಎಂಬ ತರುಣ ಕಟ್ಟಿದ 'ಲೆ ರಾಲೀಜ್ ದೆನ್ಯುದೆ' ಎಂಬ ತಂಡ ದಶಕಗಳ ಕಾಲ ಧ್ವನಿಮುದ್ರಿಕೆಗಳನ್ನು ಹೊರತರುವ ಗೋಜಿಗೆ ಹೋಗಲಿಲ್ಲವೆಂದೇ ಹೇಳಬೇಕು. 1991ರಲ್ಲಿ ಮೂರು ಮುದ್ರಿಕೆಗಳು ಬಂದವು, ಅವೂ ಕೆಲವೇ ಪ್ರತಿಗಳಲ್ಲಿ. ತಂಡದ ಹೆಸರು ಲೋಕವನ್ನು ಸುತ್ತಿದ್ದು ಕೇಳುಗರ ನಡುವೆ ಕೈಯಿಂದ ಕೈಗೆ ದಾಟಿದ ಧ್ವನಿಸುರುಳಿಗಳಿಂದ. ತೋಕಿಯೋದಲ್ಲಿ ಇಕೆಯೆಜುಮಿ ಹಿದೆಯೊ ಎಂಬ ಅಂಗಡಿಕಾರ, 1984ರಲ್ಲಿ ಪಿ. ಎಸ್. ಎಫ್. ಎಂಬ ಸಂಸ್ಥೆ ಕಟ್ಟಿ ಇಂಥ ತಂಡಗಳ ಮುದ್ರಿಕೆಗಳನ್ನು ಹೊರತಂದ. ಆ ಸಂಗೀತಕ್ಕೆ ನೆಲೆ ಒದಗಿಸಿದ್ದು ದೊಡ್ಡ ಪೇಟೆಯಲ್ಲ. ಹಟ ಹಿಡಿದು ಕೇಳಿದ ಕೆಲವೇ ಮಂದಿ.

ನಮ್ಮಲ್ಲಿ ಕೇಳುಗರಿಲ್ಲವೆ? ಇದ್ದಾರೆ. ಇಂದು ಪ್ರತಿಯೊಬ್ಬರ ಕಿಸೆಯಲ್ಲಿ ಧ್ವನಿ ಹಿಡಿಯುವ ಯಂತ್ರವೂ ಇದೆ. ಅಂತರಜಾಲದಲ್ಲಿ ತುಣುಕುಗಳು ಹರಿದಾಡುತ್ತಿವೆ. ಎಷ್ಟೋ ತುಣುಕುಗಳಿಗೆ ಮೇಳದ ಹೆಸರಿಲ್ಲ, ಊರಿಲ್ಲ, ದಿನಾಂಕವಿಲ್ಲ. ಕೊಪ್ಪಳ ತಾಲೂಕಿನ ಮೋರನಾಳದ ತೊಗಲುಗೊಂಬೆಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂದಿತು. ಸಂತೋಷವೇ. ಆದರೆ ಹೆಸರು ತಿಳಿಯಲು ಪ್ರಶಸ್ತಿಯನ್ನೇ ಕಾಯಬೇಕೆ?

ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಓದುವ ತರುಣರು ತಲಾ ಒಂದು ದಫ್ತರ ಇಡಲಿ. ಮೇಳದ ಹೆಸರು, ಊರು, ಗುರು, ವಾದ್ಯಗಳು, ಎದುರಾಳಿ ಮೇಳ, ಹಾಡುವ ಇರುಳು, ಇಷ್ಟು ಬರೆಯಲಿ. ಅಪ್ಪಣೆ ಪಡೆದು ಧ್ವನಿಯನ್ನೂ ಹಿಡಿಯಲಿ. ಅಧ್ಯಾಪಕರು ಅದನ್ನು ತಿದ್ದಿ ಒಂದು ಕೈಪಿಡಿ ಮಾಡಲಿ. ಒಂದು ಮಾತನ್ನು ಮಾತ್ರ ಮರೆಯಬಾರದು: ಯಾವ ಮೇಳ ಮೇಲು, ಯಾವುದು ಕಡಿಮೆ, ಏಕೆ ಎಂಬುದನ್ನು ಅದರಲ್ಲಿ ಧೈರ್ಯವಾಗಿ ಬರೆಯಬೇಕು. ಜನಪದವೆಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಸಮನೆ ಹೊಗಳುವುದು ಗೌರವವಲ್ಲ. ಕಿವಿಗೊಡದೆ ಇರುವವರ ಉಪಾಯ. ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಮುದುಕರು ಮೇಳಗಳನ್ನು ಹಾಗೆ ತೂಗಿಯೇ ಕೇಳುತ್ತಾರೆ. ಓದಿದವರು ಅವರಿಂದ ಕಲಿಯಬೇಕಾಗಿದೆ.