ನಲವತ್ತರೊಳಗೆ ನಿವೃತ್ತಿ: ಸೈನಿಕನ ಎರಡನೆಯ ಬಾಳು

ನಿವೃತ್ತಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಅರುವತ್ತು ದಾಟಿ, ಮಕ್ಕಳ ಮದುವೆ ಮುಗಿಸಿ, ಮೊಮ್ಮಕ್ಕಳನ್ನು ಆಡಿಸುವ ಹಿರಿಯರ ಚಿತ್ರ. ಸೈನ್ಯದಿಂದ ಮರಳುವ ಹೆಚ್ಚಿನವರ ಪಾಲಿಗೆ ಈ ಚಿತ್ರ ಸಲ್ಲದು. ಭೂಸೇನೆಯ ಲೆಫ್ಟಿನೆಂಟ್ ಜನರಲ್ 60ನೆಯ ವಯಸ್ಸಿಗೆ, ಕರ್ನಲ್ ಸಾಮಾನ್ಯವಾಗಿ 54ಕ್ಕೆ ನಿವೃತ್ತರಾಗುತ್ತಾರೆ. ಆದರೆ ಹದಿನೆಂಟು ಇಪ್ಪತ್ತರ ಹರೆಯದಲ್ಲಿ ಸೇರಿ ಸಿಪಾಯಿಯಾಗಿಯೇ ಉಳಿದವನು ನಲವತ್ತು ತುಂಬುವ ಮೊದಲೇ ಸಮವಸ್ತ್ರ ಕಳಚಬೇಕಾಗುತ್ತದೆ. ಗಡಿ ಕಾಯುವ ಪಡೆ ಸದಾ ತರುಣವಾಗಿರಬೇಕೆಂಬುದೇ ಇದಕ್ಕೆ ಕಾರಣ. ದೇಶದ ದೃಷ್ಟಿಯಿಂದ ಇದು ಸರಿಯೇ. ಆದರೆ ಆ ತಾರುಣ್ಯದ ಬೆಲೆ ತೆರುವವರು ಯಾರೆಂಬ ಪ್ರಶ್ನೆ ಉಳಿದೇ ಇದೆ.

ಕಳೆದ ದಶಕದಲ್ಲಿ ನಿವೃತ್ತ ಸೈನಿಕರ ಬಗ್ಗೆ ನಡೆದ ಚರ್ಚೆಯೆಲ್ಲ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ ಎಂಬ ಬೇಡಿಕೆಯ ಸುತ್ತಲೇ ಸಾಗಿತು. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ತಿಂಗಳುಗಟ್ಟಲೆ ಧರಣಿ ಕುಳಿತ ಬಳಿಕ, ಅದೇ ವರ್ಷದ ನವೆಂಬರಿನಲ್ಲಿ ಸರಕಾರದ ಆದೇಶ ಹೊರಬಿತ್ತು. 2014ರ ಜುಲೈ 1ರಿಂದ ಅನ್ವಯವಾದ ಈ ಯೋಜನೆಯಂತೆ ಒಂದೇ ಶ್ರೇಣಿಯಲ್ಲಿ, ಒಂದೇ ಅವಧಿಯ ಸೇವೆ ಸಲ್ಲಿಸಿದವರಿಗೆ, ಅವರು ಯಾವ ವರ್ಷ ನಿವೃತ್ತರಾಗಿದ್ದರೂ ಸಮಾನ ಪಿಂಚಣಿ ಸಲ್ಲಬೇಕು. ಐದು ವರ್ಷಕ್ಕೊಮ್ಮೆ ಅದರ ಪರಿಷ್ಕರಣೆಯಾಗಬೇಕು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ನೀತಿಯನ್ನು ಎತ್ತಿಹಿಡಿಯಿತು. ಹಳೆಯ ತಲೆಮಾರಿನ ಯೋಧರಿಗೆ ಇದರಿಂದ ನ್ಯಾಯ ದೊರಕಿತೆಂಬುದು ನಿಸ್ಸಂದೇಹ.

ಆದರೆ ಈ ಯೋಜನೆ ಸರಿಪಡಿಸಿದ್ದು ಒಬ್ಬ ಸೈನಿಕನಿಗೂ ಇನ್ನೊಬ್ಬ ಸೈನಿಕನಿಗೂ ಇದ್ದ ಅಂತರವನ್ನು ಮಾತ್ರ. ಸೈನಿಕನಿಗೂ ಅವನ ಸಹಪಾಠಿಗೂ ಇರುವ ಅಂತರ ಹಾಗೆಯೇ ಇದೆ. ಜೊತೆಯಲ್ಲಿ ಓದಿ ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸಕ್ಕೆ ಸೇರಿದವನು ಅರುವತ್ತರವರೆಗೆ ಸಂಬಳ ಪಡೆಯುತ್ತಾನೆ, ಬಡ್ತಿ ಕಾಣುತ್ತಾನೆ, ಹಳೆಯ ಪಿಂಚಣಿ ವ್ಯವಸ್ಥೆಗೆ ಸೇರಿದವನಾದರೆ ಅವನ ಪಿಂಚಣಿ ಕೊನೆಯ ದೊಡ್ಡ ಸಂಬಳದ ಮೇಲೆ ನಿಗದಿಯಾಗುತ್ತದೆ. ಸಿಪಾಯಿಯಾದರೋ ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವಾಗಲೇ, ಕೆಳ ಶ್ರೇಣಿಯ ಸಂಬಳಕ್ಕೆ ತಕ್ಕ ಪಿಂಚಣಿ ಹಿಡಿದು ಮನೆಗೆ ಬರುತ್ತಾನೆ. ಖರ್ಚು ಏರುವ ಕಾಲದಲ್ಲೇ ಆದಾಯ ಇಳಿಯುತ್ತದೆ.

ಇಲ್ಲಿಯೇ ಮೊದಲ ಎಚ್ಚರ ಬೇಕು. ಸೈನಿಕನು ತನ್ನ ಪಿಂಚಣಿಯ ಅರ್ಧದವರೆಗಿನ ಭಾಗವನ್ನು ಮುಂಗಡವಾಗಿ ಇಡಿಗಂಟಾಗಿ ಪಡೆಯಬಹುದು. ಹಾಗೆ ಪಡೆದರೆ ಆ ಭಾಗ 15 ವರ್ಷಗಳ ಕಾಲ ತಿಂಗಳ ಪಿಂಚಣಿಯಿಂದ ಕಡಿತವಾಗುತ್ತದೆ. ಊರಿಗೆ ಬಂದೊಡನೆ ದೊಡ್ಡ ಮನೆ ಕಟ್ಟುವ, ತಂಗಿಯ ಮದುವೆ ಅದ್ದೂರಿಯಾಗಿ ನಡೆಸುವ ಆಸೆ ಸಹಜ. ಬಂಧುಗಳ ನಿರೀಕ್ಷೆಯೂ ಅದೇ. ಆದರೆ ಮಕ್ಕಳು ಕಾಲೇಜು ಮೆಟ್ಟಿಲೇರುವ ವರ್ಷಗಳೂ ಆ ಕಡಿತದ ವರ್ಷಗಳೂ ಒಂದೇ ಎಂಬುದನ್ನು ಕುಟುಂಬದವರೆಲ್ಲ ಕುಳಿತು ಲೆಕ್ಕ ಹಾಕುವುದು ಲೇಸು.

ಎರಡನೆಯದು ಉದ್ಯೋಗ. ಕೇಂದ್ರ ಸರಕಾರದ ‘ಸಿ’ ವರ್ಗದ ಹುದ್ದೆಗಳಲ್ಲಿ ಶೇ. 10, ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇ. 14.5 ಮೀಸಲಾತಿ ಇದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಸಲ್ಲಿಸಿದವನನ್ನು ‘ಸಿ’ ವರ್ಗದ ಹುದ್ದೆಗಳಿಗೆ ಪದವೀಧರನಿಗೆ ಸಮಾನನೆಂದು ಪರಿಗಣಿಸುವ ನಿಯಮವೂ ಇದೆ. ಆದರೂ ಈ ಸ್ಥಾನಗಳು ಪೂರ್ಣವಾಗಿ ತುಂಬುವುದಿಲ್ಲವೆಂಬುದನ್ನು ಸಂಸದೀಯ ಸಮಿತಿಯೇ ಎತ್ತಿ ತೋರಿಸಿದೆ. ಪರೀಕ್ಷೆಗೆ ಓದುವ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾದವನು ಹೊಸ ಪದವೀಧರರ ಜೊತೆ ಪರೀಕ್ಷಾ ಕೊಠಡಿಯಲ್ಲಿ ಕೂರಬೇಕು. ಅಂಜಿ ಹಿಂದೆಗೆದವನಿಗೆ ಉಳಿಯುವುದು ಬಹಳಷ್ಟು ಸಲ ಕಾವಲುಗಾರನ ಕುರ್ಚಿ. ಹಿಮದ ನೆತ್ತಿಯಲ್ಲಿ ದುಡಿದವನು ಬಹುಮಹಡಿ ಕಟ್ಟಡದ ಗೇಟಿನ ಬಳಿ ನಿಂತು ಕಾರುಗಳಿಗೆ ಸಲಾಂ ಹೊಡೆಯುವುದು ಕೆಲಸದ ಅವಮಾನವಲ್ಲ, ಅವನ ಅನುಭವದ ಅಪವ್ಯಯ.

ನಮ್ಮ ಧರ್ಮಕೇಂದ್ರಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಯುವಕರಿಗಾಗಿ ನಡೆಯುವ ಬ್ಯಾಂಕ್ ಪರೀಕ್ಷೆಯ ತರಗತಿಗಳಲ್ಲಿ ಮರಳಿ ಬಂದ ಸೈನಿಕರಿಗೂ ಒಂದು ಬೆಂಚು ಇರಲಿ. ದಾಖಲೆಗಳ ವಿಷಯದಲ್ಲಿಯೂ ನೆರವು ಬೇಕು. ನಮ್ಮಲ್ಲಿ ಹೆಸರುಗಳ ತೊಡಕು ಹೆಚ್ಚು: ಮದುವೆಯ ದಾಖಲೆಯಲ್ಲಿ ಮೇರಿ ಮ್ಯಾಗ್ದಲಿನ್ ಆದವಳು ಪಿಂಚಣಿ ಆದೇಶ ಪತ್ರದಲ್ಲಿ ಮ್ಯಾಗಿಯಾಗಿದ್ದರೆ, ಗಂಡ ತೀರಿಕೊಂಡ ಬಳಿಕ ಕುಟುಂಬ ಪಿಂಚಣಿಗಾಗಿ ಆಕೆ ಅಲೆಯಬೇಕಾಗುತ್ತದೆ. ಗಂಡ ಬದುಕಿರುವಾಗಲೇ ಜ್ಞಾನಸ್ನಾನದ, ಮದುವೆಯ ದಾಖಲೆಗಳನ್ನು ಸೇನಾ ದಾಖಲೆಯೊಡನೆ ಹೋಲಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ತಿದ್ದಿಸಿಕೊಳ್ಳುವುದು ವಿವೇಕ.

ಮನೆಯೊಳಗಿನ ಹೊಂದಾಣಿಕೆಯೂ ಸಣ್ಣದಲ್ಲ. ವರ್ಷಕ್ಕೆರಡು ಬಾರಿ ರಜೆಗೆ ಬರುತ್ತಿದ್ದ ಅತಿಥಿ ಈಗ ಮನೆಯ ಯಜಮಾನ. ಇಷ್ಟು ಕಾಲ ಸಂಸಾರವನ್ನು ಒಬ್ಬಳೇ ನಡೆಸಿದ ಪತ್ನಿಗೆ ಆಜ್ಞೆ ಬೇಕಿಲ್ಲ, ಜೊತೆ ಬೇಕು. ತಂದೆಯನ್ನು ಫೋಟೋದಲ್ಲಿಯೇ ಹೆಚ್ಚು ಕಂಡ ಮಕ್ಕಳಿಗೆ ಶಿಸ್ತಿಗಿಂತ ಮೊದಲು ಪರಿಚಯ ಬೇಕು.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆ ಈ ಪ್ರಶ್ನೆಯನ್ನು ಇನ್ನಷ್ಟು ಕಿರಿಯರ ಮನೆಬಾಗಿಲಿಗೆ ತಂದಿದೆ. ನಾಲ್ಕು ವರ್ಷದ ಬಳಿಕ ಶೇ. 25ರವರೆಗಿನವರು ಮಾತ್ರ ಮುಂದುವರಿಯುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ನಿಧಿಯುಂಟು, ಪಿಂಚಣಿಯಿಲ್ಲ. ದೀರ್ಘ ಸೇವೆ ಸಲ್ಲಿಸಿ ಬಂದವನಿಗೇ ಎರಡನೆಯ ಬಾಳಿನ ದಾರಿ ತೋರದ ಸಮಾಜ ಇಪ್ಪತ್ತೈದರ ಹರೆಯದಲ್ಲಿ ಮರಳುವವನಿಗೆ ಏನು ತೋರೀತು? ಸೈನಿಕನನ್ನು ಹಾರ ಹಾಕಿ ಬರಮಾಡಿಕೊಳ್ಳುವುದು ಒಂದು ದಿನದ ಕೆಲಸ. ಮರುದಿನ ಬೆಳಿಗ್ಗೆ ಅವನು ಎದ್ದು ಎಲ್ಲಿಗೆ ಹೋಗಬೇಕೆಂದು ಯೋಚಿಸುವುದು ನಮ್ಮೆಲ್ಲರ ಹೊಣೆ.