ಮತ ಎಣಿಸಿದ ಕೈಗಳಿಗೆ ಸಂದ ಪದಕ

ತಾಯಿ ಮಗಳ ಕೈಗಿತ್ತದ್ದು ಒಂದು ಶುಂಠಿ ಪೆಪ್ಪರ್‌ಮಿಂಟ್. 2020ರ ನವೆಂಬರ್‌ನಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ, ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಸ್ಟೇಟ್ ಫಾರ್ಮ್ ಅರೀನಾದಲ್ಲಿ ರೂಬಿ ಫ್ರೀಮನ್ ಮತ್ತು ಮಗಳು ಶೇ ಮಾಸ್ ಮತ ಎಣಿಕೆಯಲ್ಲಿ ತೊಡಗಿದ್ದರು. ಮಗಳು ಚುನಾವಣಾ ಇಲಾಖೆಯ ಉದ್ಯೋಗಿ, ತಾಯಿ ಹಂಗಾಮಿ ಕೆಲಸಕ್ಕೆ ಬಂದವರು. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯ ಹಿಡಿದುಕೊಂಡು, ಕೈ ಬದಲಾದದ್ದು ಪೆನ್‌ಡ್ರೈವ್ ಎಂದೂ ಇವರು ಮತಗಳ್ಳರೆಂದೂ ಟ್ರಂಪ್ ಪರ ವಕೀಲ ರೂಡಿ ಜೂಲಿಯಾನಿ ಸಾರಿದರು. ಜಾರ್ಜಿಯಾದಲ್ಲಿ ಮೂರು ಸಲ ಎಣಿಕೆ ನಡೆಯಿತು, ಮೂರು ಸಲವೂ ಜೋ ಬೈಡನ್ ಗೆದ್ದರು. ಸುಳ್ಳು ಮಾತ್ರ ಸೋಲಲಿಲ್ಲ.

ಇಬ್ಬರೂ ಕಪ್ಪು ಮಹಿಳೆಯರು. ಕೊಲೆ ಬೆದರಿಕೆಯ ಜೊತೆ ಜನಾಂಗೀಯ ನಿಂದನೆಯೂ ಸುರಿಯಿತು. ಮಾಸ್ ಅವರನ್ನು ಹುಡುಕಿಕೊಂಡು ಅಪರಿಚಿತರು ಅಜ್ಜಿಯ ಮನೆಗೇ ನುಗ್ಗಲು ಬಂದರು. ಎಫ್‌ಬಿಐ ಸಲಹೆಯಂತೆ ಫ್ರೀಮನ್ ಸುಮಾರು ಎರಡು ತಿಂಗಳು ಸ್ವಂತ ಮನೆ ಬಿಟ್ಟಿದ್ದರು. ಮಾಸ್ ಕೊನೆಗೆ ಕೆಲಸವನ್ನೇ ತೊರೆದರು. ಮತಗಟ್ಟೆ ಕೆಲಸಕ್ಕೆ ಹೋಗಿಬಂದ ನಮ್ಮ ಶಾಲಾ ಶಿಕ್ಷಕರಿಗೆ ಈ ದುಡಿಮೆ ಎಷ್ಟು ಭಾರದ್ದೆಂದು ಗೊತ್ತು. ಅದಕ್ಕೆ ಇಂಥ ಬೆಲೆ ತೆರಬೇಕಾದೀತೆಂದು ಯಾರೂ ಎಣಿಸಿರಲಾರರು.

ಅಮೆರಿಕದ ಸಂಸತ್ ಭವನದ ಮೇಲೆ ಟ್ರಂಪ್ ಬೆಂಬಲಿಗರು ನಡೆಸಿದ ದಾಳಿಗೆ ಎರಡು ವರ್ಷ ತುಂಬಿದ 2023ರ ಜನವರಿ 6ರಂದು ಶ್ವೇತಭವನದಲ್ಲಿ ಅಧ್ಯಕ್ಷ ಬೈಡನ್ ಕೈಯಿಂದ ಈ ತಾಯಿ ಮಗಳಿಗೆ ಪ್ರೆಸಿಡೆನ್ಷಿಯಲ್ ಸಿಟಿಜನ್ಸ್ ಮೆಡಲ್ ಸಂದಿತು. 1969ರಲ್ಲಿ ನಿಕ್ಸನ್ ಆರಂಭಿಸಿದ ನಾಗರಿಕ ಗೌರವ ಅದು. ಅಂದು ಪದಕ ಪಡೆದ 14 ಮಂದಿಯಲ್ಲಿ ಒಂಬತ್ತು ಜನ ಆ ದಾಳಿಯನ್ನು ಎದುರಿಸಿದ ಪೊಲೀಸರು. ಅವರಲ್ಲಿ ಮೂವರಿಗೆ ಮರಣೋತ್ತರವಾಗಿ. ಅರಿಝೋನಾ ಜನಪ್ರತಿನಿಧಿ ಸಭೆಯ ಸ್ಪೀಕರ್ ರಸ್ಟಿ ಬೋವರ್ಸ್ ಕೂಡ ಅಲ್ಲಿದ್ದರು. ಫಲಿತಾಂಶ ತಿರುಗಿಸಿ ಎಂದು ತಮ್ಮದೇ ಪಕ್ಷದವರಾದ ಅಧ್ಯಕ್ಷ ಟ್ರಂಪ್ ಕಡೆಯಿಂದ ಒತ್ತಡ ಬಂದಾಗ ಅವರು ಕೇಳಿದ್ದು ಪುರಾವೆ. ಪುರಾವೆ ಬರಲಿಲ್ಲ, ಅವರೂ ಮಣಿಯಲಿಲ್ಲ. 2022ರಲ್ಲಿ ಪಕ್ಷದ ಒಳಚುನಾವಣೆಯಲ್ಲಿ ಅವರನ್ನು ಸೋಲಿಸಲಾಯಿತು.

ಪದಕ ಅರ್ಹರಿಗೇ ಸಂದಿತು. ಕೊಟ್ಟ ಕೈ ಮಾತ್ರ ಬೇರೆಯದಾಗಿರಬೇಕಿತ್ತು. ಯಾರ ಗೆಲುವನ್ನು ಇವರು ಪ್ರಾಮಾಣಿಕವಾಗಿ ಎಣಿಸಿದರೋ ಅವರೇ ಗೌರವಿಸಿದರೆ, ಅದು ಋಣ ತೀರಿಸಿದಂತೆ ಎದುರಾಳಿಗಳಿಗೆ ಕಾಣುತ್ತದೆ. 2025ರ ಜನವರಿಯಲ್ಲಿ ಬೈಡನ್ ಇದೇ ಪದಕವನ್ನು ದಾಳಿಯ ತನಿಖಾ ಸಮಿತಿಯ ಮುಂದಾಳುಗಳಾದ ಲಿಜ್ ಚೆನಿ, ಬೆನ್ನಿ ಥಾಂಪ್ಸನ್ ಅವರಿಗೆ ಕೊಟ್ಟರು. ಅದೇ ತಿಂಗಳ 20ರಂದು ಟ್ರಂಪ್ ಸುಮಾರು 1,500 ದಾಳಿಕೋರರನ್ನು ಕ್ಷಮಿಸಿದರು. ಪದಕಕ್ಕೂ ಕ್ಷಮಾದಾನಕ್ಕೂ ಸಹಿ ಬಿದ್ದದ್ದು ಒಂದೇ ಹುದ್ದೆಯಿಂದ. ಇಂಥ ಗೌರವದ ಆಯ್ಕೆ ಅಧ್ಯಕ್ಷರ ಮರ್ಜಿಯಿಂದ ಹೊರಬಂದು, ಎರಡೂ ಪಕ್ಷ ಒಪ್ಪುವ ಸ್ವತಂತ್ರ ಮಂಡಳಿಗೆ ಸೇರಬೇಕು.

ಆ ಸುಳ್ಳಿಗಾಗಿ 2023ರ ಡಿಸೆಂಬರ್‌ನಲ್ಲಿ ಜ್ಯೂರಿ ಈ ತಾಯಿ ಮಗಳಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡುವಂತೆ ಜೂಲಿಯಾನಿಗೆ ಆದೇಶಿಸಿತು. ಆ ಸುಳ್ಳು ಹರಡುವ ಮೊದಲು ಊರಿನವರೆಲ್ಲ ಫ್ರೀಮನ್ ಅವರನ್ನು ಲೇಡಿ ರೂಬಿ ಎಂದೇ ಕರೆಯುತ್ತಿದ್ದರು. ಆ ಹೆಸರು ಬರೆದ ಟೀ ಶರ್ಟ್ ತೊಟ್ಟು ಅವರು ಹೆಮ್ಮೆಯಿಂದ ಓಡಾಡುತ್ತಿದ್ದರು. ಅಂಗಡಿಯಲ್ಲಿ ಯಾರಾದರೂ ತಮ್ಮ ಹೆಸರು ಹಿಡಿದು ಕರೆದರೂ ಈಗ ಭಯವಾಗುತ್ತದೆ ಎಂದು 2022ರಲ್ಲಿ ಅವರು ತನಿಖಾ ಸಮಿತಿಗೆ ಹೇಳಿದ್ದರು. ಮರುವರ್ಷ ಶ್ವೇತಭವನದಲ್ಲಿ ಅದೇ ಹೆಸರನ್ನು ದೇಶಕ್ಕೆಲ್ಲ ಕೇಳುವಂತೆ ಕೂಗಿ ಕರೆದರು. ಫ್ರೀಮನ್ ಎದ್ದು ಹೋಗಿ ಪದಕ ಪಡೆದರು.